ಹಳೆಯ ಎಂಜಿಬಿ ಕಾರನ್ನು ಮನೆಯಲ್ಲಿಯೇ ನೋಡಿಕೊಳ್ಳಲು ಸಾಧ್ಯವೇ?

ಇಂಗ್ಲೆಂಡಿನಲ್ಲಿ ನೆಲೆಸಿರುವ ತಾವು 1970ರ ಆಸುಪಾಸಿನ ಎಂಜಿಬಿ ರೋಡ್‌ಸ್ಟರ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಬೇಕೆಂದಿದ್ದೀರಿ. ಮೆಕ್ಯಾನಿಕ್ ಕೆಲಸದ ಅನುಭವವಿಲ್ಲದವರು ಅದನ್ನು ಮನೆಯ ಗ್ಯಾರೇಜಿನಲ್ಲಿ ನಿಭಾಯಿಸಬಹುದೇ, ಎಂಜಿನ್ನಿನ ಯಾವ ಭಾಗಕ್ಕೆ ಮೊದಲು ಕೈ ಹಾಕಬೇಕು ಎಂದು ಕೇಳಿದ್ದೀರಿ. ಖಂಡಿತ ನಿಭಾಯಿಸಬಹುದು, ಆದರೆ ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಬಾಗಿಲುಗಳ ಕೆಳಗಿನ ತಗಡನ್ನು. ಹನ್ನೊಂದು ವರ್ಷಗಳಿಂದ 1969ರ ಎಂಜಿಬಿಯೊಂದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಅದರ ಎಂಜಿನ್ನಿನ ಬಹುತೇಕ ತೊಂದರೆಗಳನ್ನು ಒಂದೆರಡು ಭಾನುವಾರಗಳಲ್ಲಿ ಸರಿಪಡಿಸಿಕೊಂಡಿದ್ದೇನೆ. ತುಕ್ಕಿನ ರಿಪೇರಿಗೆ ಮಾತ್ರ ಹದಿನಾಲ್ಕು ತಿಂಗಳು ಹಿಡಿಯಿತು.

ಎಂಜಿಬಿಗೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ರೋಡ್‌ಸ್ಟರ್‌ಗೆ ಗಟ್ಟಿ ಮೇಲ್ಛಾವಣಿಯೂ ಇಲ್ಲದಿರುವುದರಿಂದ ಕಾರು ನಡುವೆ ಬಾಗದಂತೆ ಹಿಡಿದಿಡುವ ಹೊರೆಯ ಹೆಚ್ಚಿನ ಪಾಲು ಎರಡೂ ಬದಿಯ ಸಿಲ್‌ಗಳ, ಅಂದರೆ ಬಾಗಿಲುಗಳ ಕೆಳಗಿನ ಉದ್ದನೆಯ ಭಾಗಗಳ, ಮೇಲೆ ಬೀಳುತ್ತದೆ. ಈ ಸಿಲ್ ಹಲವು ಪದರಗಳ ತಗಡನ್ನು ಸೇರಿಸಿ ಮಾಡಿದ ಟೊಳ್ಳು ಪೆಟ್ಟಿಗೆಯಾಗಿದ್ದು, ಒಳಗೆ ಸೇರಿದ ನೀರು ಮತ್ತು ಕೆಸರಿನಿಂದಾಗಿ ಒಳಗಿನಿಂದಲೇ ಕೊಳೆಯುತ್ತಾ ಬರುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಪದರ ಪುಡಿಯಾಗಿರಬಹುದು. ಆದ್ದರಿಂದ ಕಾರು ನೋಡಲು ಹೋದಾಗ ಬಾಗಿಲಿನ ಸುತ್ತಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದಲ್ಲಿದೆಯೇ ಎಂದು ಪರೀಕ್ಷಿಸಿ. ಮಾಲೀಕರ ಒಪ್ಪಿಗೆ ಪಡೆದು, ಬದಿಯ ಜಾಕ್ ಪಾಯಿಂಟ್‌ನಲ್ಲಿ ಕಾರನ್ನು ಸ್ವಲ್ಪ ಎತ್ತಿ, ಆ ಬದಿಯ ಬಾಗಿಲು ಎಂದಿನಂತೆ ತೆರೆದು ಮುಚ್ಚುತ್ತದೆಯೇ ಎಂದು ನೋಡಿ. ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡರೆ ಸಿಲ್ ಸೋತಿದೆ ಎಂದೇ ತಿಳಿಯಿರಿ.

ನನ್ನ ಕಾರಿನಲ್ಲಿ ಹಿಂದಿನವರು ಯಾರೋ ಕೊಳೆತ ಸಿಲ್‌ನ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿದಿದ್ದರು. ಕೊಳ್ಳುವಾಗ ನಾನು ಅದನ್ನು ಗುರುತಿಸಲಿಲ್ಲ. ಸಿಲ್ ಮುಂದಿನ ಮತ್ತು ಹಿಂದಿನ ವಿಂಗ್‌ಗಳ (ಚಕ್ರಗಳ ಮೇಲಿನ ಹೊರತಗಡುಗಳ) ಒಳಬದಿಗೂ ಚಾಚಿಕೊಂಡಿರುವುದರಿಂದ, ಮುಂದಿನ ವಿಂಗ್ ಬಿಚ್ಚದೆ ಅಥವಾ ಅದರ ಕೆಳಭಾಗ ಕತ್ತರಿಸದೆ, ಹಿಂದಿನ ವಿಂಗ್‌ನ ಕೆಳಭಾಗವನ್ನೂ ಕತ್ತರಿಸದೆ ಪೂರ್ತಿ ಸಿಲ್ ಬದಲಿಸಲಾಗುವುದಿಲ್ಲ. ಅದಕ್ಕೂ ಮೊದಲು ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬಿಗಿದು, ಕಾರು ಕುಸಿಯದಂತೆ ಆಧಾರ ಕೊಟ್ಟು, ಒಂದು ಬದಿ ಪೂರ್ತಿಯಾದ ಮೇಲೆಯೇ ಇನ್ನೊಂದು ಬದಿಯನ್ನು ಮುಟ್ಟಬೇಕು. ಕತ್ತರಿಸುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ಎಲ್ಲವನ್ನೂ ನಾನೇ ಮಾಡಿದೆ. ವೆಲ್ಡಿಂಗನ್ನು ಮಾತ್ರ ಅನುಭವಿಗಳಿಂದ ಮಾಡಿಸಿದೆ, ತಮಗೂ ಅದನ್ನೇ ಹೇಳುತ್ತೇನೆ. ತಗಡುಗಳಿಗೆ ಇಲ್ಲಿ ಕೊರತೆಯಿಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸುತ್ತಿದೆ. ಎಂಜಿಬಿ ತಯಾರಾಗುತ್ತಿದ್ದ ಆಬಿಂಗ್‌ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿಹೋದರೂ, ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಾದ್ದರಿಂದ ಇಂದಿಗೂ ಸಣ್ಣ ವಾಷರ್‌ನಿಂದ ಹಿಡಿದು ಬಹುತೇಕ ಎಲ್ಲ ಬಿಡಿಭಾಗಗಳೂ ಸಿಗುತ್ತವೆ.

ಇನ್ನು ಎಂಜಿನ್ನಿನ ವಿಷಯ. ಬಾನೆಟ್ ಎತ್ತಿ ನೋಡಿದ ಮೊದಲ ದಿನವೇ ನನಗೆ ಅದು ಪರಿಚಿತವೆನಿಸಿತು. ದಾವಣಗೆರೆಯಲ್ಲಿ ನನ್ನ ಸೋದರಮಾವ ಟ್ಯಾಕ್ಸಿಯಾಗಿ ಓಡಿಸುತ್ತಿದ್ದ ಅಂಬಾಸಿಡರ್‌ನಲ್ಲಿದ್ದದ್ದು ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್ ವಂಶದ 1489 ಸಿಸಿ ಎಂಜಿನ್; ಎಂಜಿಬಿಯಲ್ಲಿರುವುದು ಅದೇ ವಂಶದ 1798 ಸಿಸಿ ಎಂಜಿನ್. ಮಾವ ರಸ್ತೆಬದಿಯಲ್ಲೇ ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸುತ್ತಿದ್ದುದನ್ನು ನೋಡುತ್ತಾ ಬೆಳೆದವನು ನಾನು. ಊರಿನ ಅಷ್ಟೊಂದು ಗ್ಯಾರೇಜುಗಳಲ್ಲಿ ಹುಡುಗರು ನೋಡಿ ನೋಡಿಯೇ ಕಲಿತ ಕೆಲಸವನ್ನು ತಾವೂ ಕಲಿಯಬಹುದೆಂಬ ಭರವಸೆ ನನಗಿದೆ.

ಟ್ಯೂನಿಂಗ್‌ನಲ್ಲಿ ಕ್ರಮ ತಪ್ಪಬಾರದು: ಮೊದಲು ವಾಲ್ವ್‌ಗಳ ಸಂದು, ನಂತರ ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ಭಾಗ), ಆಮೇಲೆ ಟೈಮಿಂಗ್ (ಕಿಡಿ ಹಾರುವ ಸಮಯ), ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕಟ್ಟಕಡೆಗೆ. ವಾಲ್ವ್‌ಗಳಿಗೆ ಮುಂದಿನಿಂದ ಒಂದರಿಂದ ಎಂಟರವರೆಗೆ ಸಂಖ್ಯೆ ಕೊಟ್ಟುಕೊಂಡರೆ, ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು, ಆರನೆಯದು ತೆರೆದಿರುವಾಗ ಮೂರನೆಯದನ್ನು, ಹೀಗೆ ಎರಡರ ಮೊತ್ತ ಸದಾ ಒಂಬತ್ತಾಗುವಂತೆ ಹೊಂದಿಸುತ್ತಾ ಹೋಗಬಹುದು. ನನ್ನ ಎಂಜಿನ್ನಿಗೆ ಬಿಸಿಯಿರುವಾಗ 0.015 ಇಂಚಿನ ಸಂದು ಬೇಕು, ಪಾಯಿಂಟ್‌ಗೂ ಅಷ್ಟೇ. ತಮ್ಮ ಕಾರಿನ ಅಳತೆಯನ್ನು ಅದರ ವರ್ಷಕ್ಕೆ ಸೇರಿದ ಕೈಪಿಡಿಯಲ್ಲಿಯೇ ನೋಡಿಕೊಳ್ಳಿ, ಏಕೆಂದರೆ ಎಂಜಿನ್ ಆವೃತ್ತಿಗಳ ನಡುವೆ ವ್ಯತ್ಯಾಸಗಳಿವೆ.

ಈ ಕ್ರಮವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡನೆಯ ವರ್ಷದಲ್ಲಿ ನನ್ನ ಕಾರು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮುಗ್ಗರಿಸತೊಡಗಿತು. ಪೆಟ್ರೋಲ್ ಸಾಲುತ್ತಿಲ್ಲವೆಂದು ಭಾವಿಸಿ, ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಮೂರು ಶನಿವಾರ ಬಿಚ್ಚಿ ಜೋಡಿಸಿದೆ. ದೋಷವಿದ್ದದ್ದು ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಒಳಗೆ, ಅಲುಗಾಡುವ ತಟ್ಟೆಯನ್ನು ಅರ್ಥ್ ಮಾಡುವ ಸಣ್ಣ ತಂತಿಯಲ್ಲಿ. ಬಟ್ಟೆಯ ಹೊದಿಕೆ ನೆಟ್ಟಗಿದ್ದರೂ ಒಳಗಿನ ಎಳೆಗಳು ತುಂಡಾಗಿದ್ದವು. ವ್ಯಾಕ್ಯೂಮ್ ಆ ತಟ್ಟೆಯನ್ನು ತಿರುಗಿಸಿದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು. ಹೊಸ ತಂತಿ ಬೆಸೆದ ಮೇಲೆ ಕಾರು ಸರಿಹೋಯಿತು, ಆದರೆ ನಾನು ಕೆಡಿಸಿದ್ದ ಕಾರ್ಬ್ಯುರೇಟರ್‌ಗಳನ್ನು ಮೊದಲಿನಿಂದ ಹೊಂದಿಸಬೇಕಾಯಿತು.

ಹೊಂದಿಸುವುದು ಕಷ್ಟವೇನಲ್ಲ. ಎಂಜಿನ್ ಬಿಸಿಯಾದ ಮೇಲೆ, ಎರಡೂ ಕಾರ್ಬ್ಯುರೇಟರ್‌ಗಳು ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂಬುದನ್ನು ರಬ್ಬರ್ ನಳಿಕೆಯ ಒಂದು ತುದಿ ಕಿವಿಗೆ ಹಿಡಿದು ಕೇಳಬಹುದು. ನಂತರ ಕಾರ್ಬ್ಯುರೇಟರ್‌ನೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಮೇಲೆತ್ತಿ ನೋಡಿ: ಎಂಜಿನ್ನಿನ ವೇಗ ಏರಿ ಅಲ್ಲಿಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ಎಂಜಿನ್ ನಿಂತೇಹೋಗುವಂತಾದರೆ ಕಡಿಮೆಯಾಗಿದೆ, ಕ್ಷಣಮಾತ್ರ ಏರಿ ಮೊದಲಿನ ವೇಗಕ್ಕೆ ಮರಳಿದರೆ ಸರಿಯಾಗಿದೆ. ಪೆಟ್ರೋಲ್ ಪ್ರಮಾಣವನ್ನು ಹೊಂದಿಸುವ, ಕಾರ್ಬ್ಯುರೇಟರ್‌ನ ಕೆಳಗಿನ ನಟ್ಟನ್ನು ಒಂದು ಸಲಕ್ಕೆ ಸುತ್ತಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸಬೇಡಿ.

ವಿದ್ಯುತ್ ತೊಂದರೆಗಳಿಗೆ ಲ್ಯೂಕಾಸ್ ಕಂಪನಿಯ ವಿದ್ಯುತ್ ಉಪಕರಣಗಳನ್ನು ದೂರುವುದು ಇಲ್ಲಿನ ವಾಡಿಕೆ. ನನ್ನ ಕಾರಿನಲ್ಲಿ ಹತ್ತಕ್ಕೆ ಎಂಟು ಸಲ ಕಾರಣ ತುಕ್ಕು ಹಿಡಿದ ಅರ್ಥ್ ಜೋಡಣೆ ಅಥವಾ ಮಸಿಗಟ್ಟಿದ ಕನೆಕ್ಟರ್ ಆಗಿತ್ತು. ಅವನ್ನು ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿದರೆ ಸಾಕಾಗುತ್ತಿತ್ತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಯ ಲೋಹಕ್ಕೆ ಜೋಡಿಸುತ್ತಿದ್ದರು, ನಂತರ ಅದು ನೆಗೆಟಿವ್ ಆಯಿತು, ಹಳೆಯವನ್ನು ಬದಲಾಯಿಸಿಕೊಂಡವರೂ ಇದ್ದಾರೆ. ಚಾರ್ಜರ್ ಅಥವಾ ರೇಡಿಯೋ ಜೋಡಿಸುವ ಮೊದಲು ಇದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಪ್ರತಿ 3,000 ಮೈಲಿಗೊಮ್ಮೆ, ಚಕ್ರ ನೆಲದಿಂದ ಮೇಲಿರುವಾಗ, ಗ್ರೀಸ್ ಒತ್ತಬೇಕು. ಸ್ಪ್ಯಾನರ್‌ಗಳು ಇಂಚಿನ ಅಳತೆಯವೇ ಆಗಿರಬೇಕು. ಅರ್ಧ ಇಂಚಿನ ತಲೆಯ ಬೋಲ್ಟಿಗೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ ಅದರ ಮೂಲೆಗಳು ಸವೆದುಹೋಗುತ್ತವೆ. ಬರೀ ಜಾಕ್‌ನ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷವೂ ನುಸುಳಬೇಡಿ. ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅಲುಗಾಡಿಸಿ ನೋಡಿದ ಮೇಲಷ್ಟೇ ಕೆಳಗೆ ನುಸುಳಿ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಎಂದಿಗೂ ಊದಿ ತೆಗೆಯಬೇಡಿ.

ನಲವತ್ತು ವರ್ಷ ದಾಟಿದ, ಹೆಚ್ಚಿನ ಮಾರ್ಪಾಡುಗಳಿಲ್ಲದ ಕಾರುಗಳಿಗೆ 2018ರಿಂದ ಎಂಒಟಿ ಎಂಬ ವಾರ್ಷಿಕ ವಾಹನ ಸುರಕ್ಷತಾ ಪರೀಕ್ಷೆಯಿಂದ ವಿನಾಯಿತಿಯಿದೆ. ಆದರೂ ನಾನು ಪ್ರತಿವರ್ಷ ಪರೀಕ್ಷೆಗೆ ಒಯ್ಯುತ್ತೇನೆ, ಏಕೆಂದರೆ ನನ್ನ ಕಣ್ತಪ್ಪಿದ ಬ್ರೇಕ್ ಪೈಪಿನ ತುಕ್ಕನ್ನು ಒಮ್ಮೆ ಅಲ್ಲಿನ ಪರೀಕ್ಷಕರೇ ತೋರಿಸಿಕೊಟ್ಟರು. 2021ರ ಸೆಪ್ಟೆಂಬರ್‌ನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10 (ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು) ಆಗಿದ್ದು, ಅದರಲ್ಲಿನ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುವುದರಿಂದ ಇ5 ಇರುವ ಸೂಪರ್ ಪೆಟ್ರೋಲನ್ನೇ ಹಾಕಿಸಿ, ಪೈಪುಗಳನ್ನೂ ಬದಲಾಯಿಸಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲಲು ಆರಂಭಿಸಿದ ದಿನದಿಂದ ವಸಂತದ ಮಳೆ ಆ ಉಪ್ಪನ್ನು ತೊಳೆಯುವವರೆಗೆ ಕಾರನ್ನು ಹೊರಗೆ ತೆಗೆಯದಿರುವುದು ಲೇಸು. ಆ ದಿನಗಳಲ್ಲಿ ಸಿಲ್‌ಗಳ ಕೆಳಗಿನ ನೀರು ಬಸಿಯುವ ರಂಧ್ರಗಳನ್ನು ತಂತಿಯಿಂದ ಬಿಡಿಸಿ, ಒಳಗೆಲ್ಲ ಮೇಣ ಸಿಂಪಡಿಸಿ ಇಡಿ.