ಫ್ರೆಂಚ್ ಕಾದಂಬರಿಗಳ ಭೂತಕಾಲ: ಎಲ್ಲ ರೂಪಗಳನ್ನೂ ಬಾಯಿಪಾಠ ಮಾಡಬೇಕೇ?

ಎರಡು ವರ್ಷ ಫ್ರೆಂಚ್ ತರಗತಿಗೆ ಹೋಗಿದ್ದೀರಿ, ಮಾತುಕತೆ ತಕ್ಕಮಟ್ಟಿಗೆ ಸಾಗುತ್ತದೆ, ಆದರೆ ಕಾದಂಬರಿಯೊಂದನ್ನು ತೆರೆದರೆ ಮೊದಲ ಪುಟದಲ್ಲಿಯೇ 'ಫ್ಯೂ', 'ಪ್ರೀ', 'ವ್ಯಾಂ' ಎಂಬ ಗುರುತಿಲ್ಲದ ಕ್ರಿಯಾಪದಗಳು ಎದುರಾಗುತ್ತವೆ ಎಂದು ಬರೆದಿದ್ದೀರಿ. ಇದಕ್ಕೆ 'ಪಾಸೇ ಸ್ಯಾಂಪ್ಲ್' ಎಂದು ಹೆಸರಿರುವುದನ್ನು ತಿಳಿದು ಅದರ ಪಟ್ಟಿಗಳನ್ನು ನೋಡಿದಿರಿ, ಎದೆಗುಂದಿದಿರಿ, ಇವನ್ನೆಲ್ಲ ಬಾಯಿಪಾಠ ಮಾಡಲೇಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ನಾನು ಒಂದು ಇಡೀ ಬೇಸಿಗೆಯನ್ನು ಆ ಪಟ್ಟಿಗಳಿಗೆ ಕೊಟ್ಟೆ. ಆಮೇಲೆ ಓದಲು ಕುಳಿತಾಗ, ಕಲಿತದ್ದರಲ್ಲಿ ಅರ್ಧದಷ್ಟು ರೂಪಗಳು ಪುಸ್ತಕಗಳಲ್ಲಿ ಬಹಳ ಅಪರೂಪವೆಂಬುದು ತಿಳಿಯಿತು. ಆ ಶ್ರಮ ನಿಮಗೆ ಬೇಡವೆಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಫ್ರೆಂಚ್ ಪದಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. 'ಯೂ' ಎಂದು ಬರೆದಿರುವ ಕಡೆ, ತುಟಿಯನ್ನು 'ಊ' ಎನ್ನುವಂತೆ ಸುತ್ತಿಕೊಂಡು ನಾಲಿಗೆಯಲ್ಲಿ 'ಈ' ಎನ್ನುವ, ಕನ್ನಡದಲ್ಲಿಲ್ಲದ ಆ ಸ್ವರವನ್ನು ಓದಿಕೊಳ್ಳಿ.

ಮೊದಲಿಗೆ, ಈ ರೂಪ ತರಗತಿಯಲ್ಲಿ ನಿಮಗೆ ಏಕೆ ಸಿಗಲಿಲ್ಲ ಎಂಬುದನ್ನು ಹೇಳಬೇಕು. ಮುಗಿದ ಘಟನೆಯನ್ನು ಹೇಳಲು ಫ್ರೆಂಚಿನಲ್ಲಿ ಎರಡು ದಾರಿಗಳಿವೆ. ಒಂದು, ನಿಮಗೆ ಗೊತ್ತಿರುವ 'ಪಾಸೇ ಕಾಂಪೋಜೇ', ಅಂದರೆ ಸಹಾಯಕ ಕ್ರಿಯಾಪದದ ಜೊತೆಗೆ ಕೃದಂತ. ಇನ್ನೊಂದು, ಲ್ಯಾಟಿನ್ ಭಾಷೆಯಿಂದ ನೇರವಾಗಿ ಇಳಿದುಬಂದ, ಒಂದೇ ಪದದ ಪಾಸೇ ಸ್ಯಾಂಪ್ಲ್. ಹಿಂದೆ ಎರಡೂ ಆಡುಮಾತಿನಲ್ಲಿದ್ದವು. 1660ರಲ್ಲಿ ಬಂದ ಪೋರ್ ರುವಾಯಾಲ್ ವ್ಯಾಕರಣವು, ಮಾತನಾಡುವ ಹೊತ್ತಿನಿಂದ ಕನಿಷ್ಠ ಒಂದು ದಿನವಾದರೂ ಹಿಂದಿನ ಸಂಗತಿಗೆ ಮಾತ್ರ ಸರಳ ರೂಪವನ್ನು ಬಳಸಬೇಕೆಂದು ಹೇಳುತ್ತದೆ. ಮುಂದೆ ಮಾತಿನಲ್ಲಿ ಸಂಯುಕ್ತ ರೂಪವೇ ಎಲ್ಲ ಕೆಲಸವನ್ನೂ ವಹಿಸಿಕೊಂಡಿತು. ಸರಳ ರೂಪ ಕಾದಂಬರಿ, ಮಕ್ಕಳ ಕಥೆ, ಇತಿಹಾಸ, ಜೀವನಚರಿತ್ರೆಗಳಲ್ಲಿ ಉಳಿದುಕೊಂಡಿತು. ಭಾಷಾವಿಜ್ಞಾನಿ ಎಮಿಲ್ ಬೆಂವೆನಿಸ್ತ್ 1959ರ ತಮ್ಮ ಲೇಖನದಲ್ಲಿ ಈ ವ್ಯತ್ಯಾಸವನ್ನು ಬಹಳ ಚೆನ್ನಾಗಿ ಹಿಡಿದಿದ್ದಾರೆ: ಪಾಸೇ ಸ್ಯಾಂಪ್ಲ್ ಇರುವ ನಿರೂಪಣೆಯಲ್ಲಿ ಮಾತನಾಡುವವರು ಯಾರೂ ಇಲ್ಲದಂತೆ, ಘಟನೆಗಳು ತಮ್ಮನ್ನು ತಾವೇ ಹೇಳಿಕೊಳ್ಳುತ್ತಿರುವಂತೆ ತೋರುತ್ತದೆ. ಆದ್ದರಿಂದಲೇ ಆಲ್ಬೇರ್ ಕಾಮು 1942ರ ತಮ್ಮ 'ಲೇತ್ರಾಂಜೇ' ಕಾದಂಬರಿಯನ್ನು ಮುಖ್ಯವಾಗಿ ಪಾಸೇ ಕಾಂಪೋಜೇಯಲ್ಲಿ ನಿರೂಪಿಸಿದ್ದು ಅಷ್ಟೊಂದು ಚರ್ಚೆಗೆ ಒಳಗಾಯಿತು.

ಇದರಿಂದ ಕಲಿಯುವವರಿಗೆ ಒಂದು ದೊಡ್ಡ ಅನುಕೂಲವಿದೆ. ಎದುರಿಗಿರುವವರೊಡನೆ ಮಾತನಾಡುವಾಗ ಬಳಸದ ರೂಪವಾದ್ದರಿಂದ 'ನೀನು', 'ನೀವು' ಎಂಬ ಕರ್ತೃಗಳೊಡನೆ ಇದು ಕಾಣಸಿಗುವುದೇ ಕಡಿಮೆ. ಕಥೆಯಲ್ಲಿ ಬರುವುದು ಅವನು, ಅವಳು, ಅವರು. ಅಂದರೆ ನಮ್ಮ ವ್ಯಾಕರಣದ ಪ್ರಥಮ ಪುರುಷ. ಅಲ್ಲಿಂದಲೇ ಆರಂಭಿಸಿ. ಪ್ರಥಮ ಪುರುಷ ಏಕವಚನದಲ್ಲಿ ಕಿವಿಗೆ ಬೀಳುವ ಅಂತ್ಯಸ್ವರಗಳು ನಾಲ್ಕೇ: ಆ, ಈ, ಯೂ, ಯಾಂ.

ಮೊದಲನೆಯದು 'ಆ'. ಮೂಲರೂಪ 'ಏ' ಎಂದು ಮುಗಿಯುವ ಎಲ್ಲ ಕ್ರಿಯಾಪದಗಳೂ, ಅಂದರೆ ಫ್ರೆಂಚ್ ಕ್ರಿಯಾಪದಗಳಲ್ಲಿ ಬಹುಪಾಲು, ಈ ಗುಂಪಿಗೆ ಸೇರುತ್ತವೆ: 'ಪಾರ್ಲೇ' ಎಂಬುದು 'ಪಾರ್ಲಾ' ಆಗುತ್ತದೆ, ಮಾತನಾಡಿದನು. ಇಲ್ಲಿ ಅಪವಾದವೇ ಇಲ್ಲ. ವರ್ತಮಾನದಲ್ಲಿ ಅಷ್ಟೊಂದು ತೊಂದರೆ ಕೊಡುವ 'ಆಲೇ', ಅಂದರೆ ಹೋಗು, ಇಲ್ಲಿ ಸುಮ್ಮನೆ 'ಆಲಾ' ಎಂದಾಗುತ್ತದೆ. ಎರಡನೆಯದು 'ಈ': 'ಫಿನೀರ್' ಮಾದರಿಯವು, 'ವಾಂದ್ರ್', 'ರೇಪೋಂದ್ರ್'ಗಳಂತಹವು, ಜೊತೆಗೆ ಫೇರ್, ದೀರ್, ಪ್ರಾಂದ್ರ್, ಮೆತ್ರ್ ಮುಂತಾದವು. ಮೂರನೆಯದು 'ಯೂ': ವುಲುವಾರ್, ಸಾವುವಾರ್, ಲೀರ್, ಬುವಾರ್, ಮುರೀರ್ ಮೊದಲಾದವು; 'ಎತ್ರ್', 'ಆವುವಾರ್'ಗಳೂ ಇಲ್ಲಿಯವೇ. ಬರವಣಿಗೆಯಲ್ಲಿ ಈ ಎರಡು ಗುಂಪುಗಳ ಕೊನೆಗೆ ಉಚ್ಚರಿಸದ 'ಟಿ' ಅಕ್ಷರವಿರುತ್ತದೆ, ಮೊದಲನೆಯದಕ್ಕೆ ಇರುವುದಿಲ್ಲ.

ನಾಲ್ಕನೆಯ ಗುಂಪು ಕನ್ನಡಿಗರಿಗೆ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಅದರಲ್ಲಿರುವುದು 'ವ್ನೀರ್', 'ತ್ನೀರ್' ಎಂಬ ಎರಡು ಕ್ರಿಯಾಪದಗಳು ಮತ್ತು ಅವುಗಳಿಂದ ಹುಟ್ಟಿದವು ಮಾತ್ರ. ಇವು 'ವ್ಯಾಂ', 'ತ್ಯಾಂ' ಎಂದು ಅನುನಾಸಿಕವಾಗುತ್ತವೆ. ವ್ನೀರ್ ಎಂದರೆ ಬರು. ನಮ್ಮಲ್ಲಿಯೂ 'ಬರು', 'ತರು' ಎಂಬ ಜೋಡಿ ಭೂತಕಾಲದಲ್ಲಿ 'ಬಂದ', 'ತಂದ' ಎಂದು ಅನುನಾಸಿಕವನ್ನು ಪಡೆಯುತ್ತದೆಯಲ್ಲವೇ? ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಆದರೂ 'ವ್ಯಾಂ' ಕಂಡಾಗಲೆಲ್ಲ 'ಬಂದ' ಎಂದುಕೊಂಡರೆ ಅದು ಮರೆಯುವುದಿಲ್ಲ. ಬಹುವಚನವೂ ಹಾಗೆಯೇ. 'ಬಂದರು', 'ಮಾಡಿದರು' ಎಂಬಲ್ಲಿ ನಮಗೆ ರಕಾರ ಬರುವಂತೆ ಅಲ್ಲಿಯೂ ಕೊನೆಗೆ 'ರ್' ಕೇಳಿಸುತ್ತದೆ: ಪಾರ್ಲೇರ್, ಫಿನೀರ್, ವುಲ್ಯೂರ್, ವ್ಯಾಂರ್.

'ನಾನು' ಎಂದು ನಿರೂಪಿಸುವ ಕಾದಂಬರಿಗಳಿಗೆ ಉತ್ತಮ ಪುರುಷ ಏಕವಚನವೂ ಬೇಕು. ಕೊನೆಯ ಮೂರು ಗುಂಪುಗಳಲ್ಲಿ ಅದರ ಉಚ್ಚಾರಣೆ ಬದಲಾಗುವುದಿಲ್ಲ, 'ಟಿ' ಇದ್ದಲ್ಲಿ 'ಎಸ್' ಬರುತ್ತದೆ, ಅಷ್ಟೆ. ಎಚ್ಚರ ಬೇಕಾಗಿರುವುದು ಮೊದಲ ಗುಂಪಿನಲ್ಲಿ. ಅಲ್ಲಿ ಕೊನೆಗೆ 'ಎ', 'ಐ' ಎಂಬ ಎರಡು ಅಕ್ಷರಗಳಿದ್ದರೆ 'ಮಾತನಾಡಿದೆನು'. ಅವುಗಳ ಮುಂದೆ ಒಂದು 'ಎಸ್' ಸೇರಿದರೆ ಅದು ಆ್ಯಂಪಾರ್ಫೇ, ಅಂದರೆ ಮುಗಿಯದೆ ಸಾಗುತ್ತಿದ್ದುದನ್ನು ಹೇಳುವ ಭೂತಕಾಲ, 'ಮಾತನಾಡುತ್ತಿದ್ದೆನು'. ಎರಡನ್ನೂ ಒಂದೇ ರೀತಿ ಉಚ್ಚರಿಸುವ ಫ್ರೆಂಚರು ಅನೇಕರಿದ್ದಾರೆ, ಆದ್ದರಿಂದ ಕಿವಿಯನ್ನು ನಂಬದೆ ಕಣ್ಣನ್ನು ನಂಬಬೇಕು. 'ನಾವು', 'ನೀವು' ರೂಪಗಳಲ್ಲಿ ಸ್ವರದ ಮೇಲೆ ಟೋಪಿಯಂತಹ ಗುರುತು ಇರುತ್ತದೆ. 1990ರ ಕಾಗುಣಿತ ಸುಧಾರಣೆಯೂ ಅದನ್ನು ಇಲ್ಲಿಂದ ತೆಗೆಯಲಿಲ್ಲ. ಅದನ್ನು ಗುರುತಿಸಿದರೆ ಸಾಕು.

ಯಾವ ಕ್ರಿಯಾಪದ ಯಾವ ಗುಂಪಿಗೆ ಸೇರುತ್ತದೆ ಎಂಬುದಕ್ಕೆ ನಿಮಗಾಗಲೇ ಗೊತ್ತಿರುವ ಕೃದಂತವೇ ಅನೇಕ ಕಡೆ ಸುಳಿವು ಕೊಡುತ್ತದೆ. 'ಇಲ್ ಆ ಲ್ಯೂ' ಎಂದರೆ ಅವನು ಓದಿದ್ದಾನೆ. ಸಹಾಯಕ ಕ್ರಿಯಾಪದವನ್ನು ತೆಗೆದು 'ಇಲ್ ಲ್ಯೂ' ಎಂದರೆ ಪಾಸೇ ಸ್ಯಾಂಪ್ಲ್ ಸಿದ್ಧ. ಬ್ಯೂ, ವುಲ್ಯೂ, ಸ್ಯೂ, ಪ್ರೀ, ಮೀ, ಫಿನೀ ಎಲ್ಲವೂ ಹೀಗೆಯೇ. ಆದರೆ ಇದನ್ನು ನಿಯಮವೆಂದು ಪೂರ್ತಿಯಾಗಿ ನಂಬಬೇಡಿ. ಒಮ್ಮೆ ಅಭ್ಯಾಸದ ಬರಹದಲ್ಲಿ 'ಅವಳು ಮನೆಯನ್ನು ಮಾರಿದಳು' ಎನ್ನಲು, ಕೃದಂತ 'ವಾಂದ್ಯೂ' ಇರುವುದರಿಂದ ಅದನ್ನೇ ಹಿಡಿದು, ಕೊನೆಗೆ 'ಟಿ' ಸೇರಿಸಿ ಬರೆದಿದ್ದೆ. ನಮ್ಮ ಮೇಷ್ಟರು ಆ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು. ಸರಿಯಾದ ರೂಪ 'ವಾಂದೀ'. ಹಾಗೆಯೇ ಪೆರ್ದ್ಯೂ ಇದ್ದರೂ 'ಪೆರ್ದೀ', ರೇಪೋಂದ್ಯೂ ಇದ್ದರೂ 'ರೇಪೋಂದೀ', ಮತ್ತು ನೋಡಿದ್ದಕ್ಕೆ ವ್ಯೂ ಇದ್ದರೂ 'ವೀ'.

ಇಷ್ಟು ರೂಪದ ಮಾತಾಯಿತು. ಅರ್ಥದ ವಿಷಯದಲ್ಲಿ ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿತ ನಮ್ಮಂಥವರು ಎಡವುತ್ತೇವೆ, ಕನ್ನಡದಲ್ಲಿ ಯೋಚಿಸಿದರೆ ಎಡವುವುದಿಲ್ಲ. ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. 'ಇಲ್ ಲೀಜೇ, ಎಲ್ ಆಂತ್ರಾ' ಎಂಬುದನ್ನು 'ಅವನು ಓದುತ್ತಿದ್ದನು, ಅವಳು ಒಳಗೆ ಬಂದಳು' ಎಂದು ಯಾರಾದರೂ ಹೇಳಬಲ್ಲರು: ಮೊದಲನೆಯದು ಆ್ಯಂಪಾರ್ಫೇ, ಎರಡನೆಯದು ಪಾಸೇ ಸ್ಯಾಂಪ್ಲ್. ತೊಡಕು ಇರುವುದು 'ಇರು', 'ತಿಳಿ'ಗಳಂತಹ ಸ್ಥಿತಿವಾಚಕಗಳಲ್ಲಿ. 'ಇಲ್ ಸಾವೇ' ಮತ್ತು 'ಇಲ್ ಸ್ಯೂ' ಎರಡಕ್ಕೂ ಇಂಗ್ಲಿಷ್ ಒಂದೇ ಪದವನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕನ್ನಡ ಹಾಗೆ ಮಾಡುವುದಿಲ್ಲ: ಮೊದಲನೆಯದು 'ಅವನಿಗೆ ಗೊತ್ತಿತ್ತು', ಎರಡನೆಯದು 'ಅವನಿಗೆ ಗೊತ್ತಾಯಿತು'. 'ಇಲ್ ಆವೇ ಪರ್' ಎಂದರೆ ಅವನಿಗೆ ಭಯವಿತ್ತು, 'ಇಲ್ ಯೂ ಪರ್' ಎಂದರೆ ಅವನಿಗೆ ಭಯವಾಯಿತು. 'ಇಲ್ ಏತೇ ಕಾಂತಾಂ', ಸಂತೋಷವಾಗಿತ್ತು. 'ಇಲ್ ಫ್ಯೂ ಕಾಂತಾಂ', ಸಂತೋಷವಾಯಿತು. 'ಇತ್ತು' ಎಂದಾಗ ಕಥೆ ಒಂದು ಗಳಿಗೆ ನಿಂತು ಸುತ್ತಲೂ ನೋಡುತ್ತದೆ, 'ಆಯಿತು' ಎಂದಾಗ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಫ್ರೆಂಚ್ ಅಜ್ಜಿಕಥೆಯ ಆರಂಭವನ್ನೇ ನೋಡಿ: 'ಇಲ್ ಏತೇ ಯೂನ್ ಫುವಾ', ಅಂದರೆ 'ಒಂದಾನೊಂದು ಕಾಲದಲ್ಲಿ ಇದ್ದನು' ಎಂದು ಆ್ಯಂಪಾರ್ಫೇಯಲ್ಲಿ ತೊಡಗಿ, 'ಒಂದು ದಿನ' ಎಂದ ಕೂಡಲೇ ಕ್ರಿಯಾಪದಗಳು ಪಾಸೇ ಸ್ಯಾಂಪ್ಲ್‌ಗೆ ಹೊರಳುತ್ತವೆ. ಈ ಹೊರಳುವಿಕೆ ಒಮ್ಮೆ ಕಂಡರೆ ಸಾಕು, ಆಮೇಲೆ ಪ್ರತಿ ಪುಟದಲ್ಲಿಯೂ ಕಾಣುತ್ತದೆ. ನನಗಂತೂ ಫ್ರೆಂಚ್ ಗದ್ಯದ ಸೊಗಸು ಇಲ್ಲಿಯೇ ಇದೆ ಎನ್ನಿಸುತ್ತದೆ.

ಈ ಕಾಲದಲ್ಲಿ ಮಾತನಾಡಲು ಹೋಗಬೇಡಿ. 'ನಿನ್ನೆ ಮಾರುಕಟ್ಟೆಗೆ ಹೋದೆ' ಎಂದು ಇದರಲ್ಲಿ ಹೇಳಿದರೆ ಕೇಳುವವರಿಗೆ ಗ್ರಂಥ ಓದಿದಂತಾಗುತ್ತದೆ. ಮಕ್ಕಳ ಕಥೆಯೊಂದನ್ನು ತೆಗೆದುಕೊಂಡು, ಸಂಭಾಷಣೆಗಳ ಪಕ್ಕದಲ್ಲಿರುವ 'ದೀತಿಲ್' (ಅವನು ಹೇಳಿದನು), 'ರೇಪೋಂದೀತಿಲ್' (ಉತ್ತರಿಸಿದನು), 'ದ್ಮಾಂದಾತಿಲ್' (ಕೇಳಿದನು) ಎಂಬವುಗಳಿಂದ ಓದು ಶುರುಮಾಡಿ. ಅಲ್ಲಿ 'ಟಿ' ಉಚ್ಚಾರಣೆಗೂ ಬರುವುದನ್ನು ಗಮನಿಸಿ. 'ದೀ', 'ಫಿನೀ'ಗಳ ಏಕವಚನ ವರ್ತಮಾನದಲ್ಲಿಯೂ ಹಾಗೆಯೇ ಇರುವುದರಿಂದ ಅಕ್ಕಪಕ್ಕದ ಕ್ರಿಯಾಪದಗಳನ್ನು ನೋಡಿ ಕಾಲವನ್ನು ನಿರ್ಧರಿಸಬೇಕು. 'ವೀ' ಎಂಬುದಂತೂ 'ನೋಡಿದನು' ಎಂದೂ ಆಗಬಹುದು, 'ಬದುಕುತ್ತಾನೆ' ಎಂದೂ ಆಗಬಹುದು. ಮೂಲರೂಪ ಥಟ್ಟನೆ ಹೊಳೆಯದ ಕೆಲವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ: ಫ್ಯೂ ಕಂಡರೆ ನಿಘಂಟಿನಲ್ಲಿ 'ಎತ್ರ್' ನೋಡಬೇಕು, ಯೂ ಕಂಡರೆ 'ಆವುವಾರ್', ಫೀ ಕಂಡರೆ 'ಫೇರ್', ವೇಕ್ಯೂ ಕಂಡರೆ 'ವೀವ್ರ್', ನಾಕೀ ಕಂಡರೆ 'ನೇತ್ರ್'.