ಪ್ರೊಸೆಸರ್‌ಗೆ ವಯಸ್ಸಾಗುತ್ತಾ ಸರ್?

ಪ್ರಶ್ನೆ: ಹೊಸದುರ್ಗದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಮುಂದೆ ನಾನು ಜೆರಾಕ್ಸ್, ಆನ್‌ಲೈನ್ ಅರ್ಜಿ ನೋಡಿಕೊಳ್ಳುತ್ತೇನೆ. ಹಿಂದೆ ನಮ್ಮ ಮನೆಯವರು ಬಟ್ಟೆ ಹೊಲಿಯುತ್ತಾರೆ. 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಇಂಟೆಲ್ ಸೆಲೆರಾನ್ ಎನ್3060, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಗ್ಗೆ ಆನ್ ಮಾಡಿ, ಅಂಗಡಿ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ ಬಂದರೂ ಅದು ಇನ್ನೂ ಗಿರಗಿರ ಸುತ್ತುತ್ತಲೇ ಇರುತ್ತದೆ. ಒಂದು ಪಹಣಿ ತೆಗೆಯುವಷ್ಟರಲ್ಲಿ ಗಿರಾಕಿ ಎದುರಿನ ಅಂಗಡಿಗೆ ಹೋಗಿರುತ್ತಾರೆ. ರಿಪೇರಿಗೆ ಕೊಟ್ಟರೆ ಹುಡುಗ, ‘ಪ್ರೊಸೆಸರ್‌ಗೆ ವಯಸ್ಸಾಯ್ತು ಅಕ್ಕ, ಹೊಸದು ತಗೊಳ್ಳಿ, 38 ಸಾವಿರ ಆಗುತ್ತೆ’ ಅಂದ. ನಮ್ಮ ಮನೆಯವರ ಹೊಲಿಗೆ ಮಿಷನ್‌ಗೆ 26 ವರ್ಷ. ಅದು ಚೆನ್ನಾಗೇ ಓಡುತ್ತಿದೆ. ಪ್ರೊಸೆಸರ್‌ಗೆ ಇಷ್ಟು ಬೇಗ ವಯಸ್ಸಾಗುತ್ತಾ ಸರ್?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ಆಗಲ್ಲ ಅಕ್ಕ. ಹೊಲಿಗೆ ಮಿಷನ್‌ನಲ್ಲಿ ಬೆಲ್ಟ್ ಸವೆಯುತ್ತದೆ, ಬಾಬಿನ್ ಕೇಸ್ ಸವೆಯುತ್ತದೆ. ಪ್ರೊಸೆಸರ್ ಒಳಗೆ ಹಾಗೆ ಸವೆಯುವ ಚಕ್ರ, ಹಲ್ಲು ಏನೂ ಇಲ್ಲ. ಕೊಂಡ ದಿನ 1.6 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಅವಸರ ಬಿದ್ದರೆ 2.48ರವರೆಗೆ ಹೋಗುತ್ತಿತ್ತು. ಇವತ್ತೂ ಅಷ್ಟೇ ಓಡುತ್ತದೆ. ಬದಲಾಗಿರುವುದು ಅದರ ಮುಂದೆ ನಾವು ಇಡುತ್ತಿರುವ ಬಟ್ಟೆ. ಅವತ್ತು ಅದಕ್ಕೆ ರವಿಕೆ ಪೀಸು ಕೊಡುತ್ತಿದ್ದೆವು, ಈಗ ಟಾರ್ಪಾಲು ಕೊಟ್ಟು ಹೊಲಿ ಅನ್ನುತ್ತಿದ್ದೇವೆ. ವೆಬ್‌ಸೈಟುಗಳು ದಪ್ಪಗಾಗಿವೆ, ಬ್ರೌಸರ್ ದಪ್ಪಗಾಗಿದೆ, ವಿಂಡೋಸ್ ಅಪ್‌ಡೇಟ್ ಸದ್ದಿಲ್ಲದೆ ಹಿಂದೆ ಕೆಲಸ ಮಾಡುತ್ತಿರುತ್ತದೆ.

ಹಾಗಂತ ಸುಳ್ಳು ಸಮಾಧಾನ ಹೇಳುವುದಿಲ್ಲ. ಎನ್3060 ಹುಟ್ಟಿದಾಗಲೇ ಸಣಕಲು. 2016ರ ಶುರುವಿನಲ್ಲಿ ಬಂದ ಚಿಪ್ಪು. ಇಂಟೆಲ್‌ನ ದೊಡ್ಡ ಕೋರ್ ಐ3, ಐ5ಗಳ ಮನೆತನ ಅಲ್ಲ, ಆಟಮ್ ಅಂತ ಕರೆಯುತ್ತಿದ್ದ ಪುಟ್ಟ ಚಿಪ್ಪುಗಳ ವಂಶ. ಎರಡೇ ಕೋರ್, ಅಂದರೆ ಕೆಲಸ ಮಾಡುವ ಕೈ ಎರಡೇ. ಅದು ಕುಡಿಯುವ ಕರೆಂಟು 6 ವ್ಯಾಟಿನ ಲೆಕ್ಕದ್ದು. ನಿಮ್ಮ ಅಂಗಡಿಯಲ್ಲಿ ನೇತಾಡುವ ಎಲ್‌ಇಡಿ ಬಲ್ಬು 9 ವ್ಯಾಟ್ ಇರಬಹುದು, ಹೋಲಿಸಿ ನೋಡಿ! ಅದೇ ಕಾಲದ ಸಾಮಾನ್ಯ ಐ3, ಐ5 ಲ್ಯಾಪ್‌ಟಾಪ್‌ಗಳ ಚಿಪ್ಪು 15 ವ್ಯಾಟಿನದು. ಬಿಸಿ ಕಡಿಮೆ, ಬೆಲೆ ಕಡಿಮೆ, ಕೆಲವು ಮಾಡೆಲ್‌ಗಳಲ್ಲಿ ಫ್ಯಾನೇ ಇರಲಿಲ್ಲ. ಅಂಗಡಿಯಲ್ಲಿ ಮಾತ್ರ ಎಲ್ಲದರ ಮೇಲೂ ಇಂಟೆಲ್ ಸ್ಟಿಕ್ಕರ್ ಇರುತ್ತಿತ್ತು. ಕೊಂಡವರಿಗೆ ಎಲ್ಲಾ ಒಂದೇ ಅನ್ನಿಸುತ್ತಿತ್ತು. ನಾನೂ ಆಗ ಅರಸೀಕೆರೆಯ ನನ್ನ ಅಂಗಡಿಯಿಂದ ಇಂಥವನ್ನು ಮಾರಿದ್ದೇನೆ. ಒಪ್ಪಿಕೊಳ್ಳುತ್ತೇನೆ.

ಈಗ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಸುತ್ತುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪಟ್ಟಿ ಚಿಕ್ಕದಾಗಿದ್ದರೆ ಕೆಳಗೆ ‘ಮೋರ್ ಡೀಟೇಲ್ಸ್’ ಒತ್ತಿ. ಮೇಲೆ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್ ಅಂತ ಸಾಲಾಗಿ ಶೇಕಡಾ ಲೆಕ್ಕ ಇರುತ್ತದೆ. ನನ್ನ ಊಹೆ ಹೇಳಲಾ? ಡಿಸ್ಕ್ ಕೆಳಗೆ 100 ಇರುತ್ತದೆ, ಕೆಂಪಗೆ. ಸಿಪಿಯು 30, 40ರ ಸುತ್ತ ಇರುತ್ತದೆ. ಅಂದರೆ ನಿಮ್ಮ ಹುಡುಗ ಬೈದ ಪ್ರೊಸೆಸರ್ ಪಾಪ ಕೈಕಟ್ಟಿ ಕೂತು, ಹಾರ್ಡ್ ಡಿಸ್ಕ್ ಯಾವಾಗ ಫೈಲು ತಂದುಕೊಡುತ್ತದೋ ಅಂತ ಕಾಯುತ್ತಿದೆ.

ಹಾರ್ಡ್ ಡಿಸ್ಕ್ ಒಳಗೆ ನಿಜವಾಗಲೂ ಸುತ್ತುವ ತಟ್ಟೆ ಇದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90. ಬೇಕಾದ ಜಾಗ ಸೂಜಿಯಂಥ ಹೆಡ್ಡಿನ ಕೆಳಗೆ ಬರುವವರೆಗೆ ಕಾಯಲೇಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಲ್ಲರೆ ಫೈಲುಗಳು ಬೇಕು, ಒಂದೊಂದೂ ಒಂದೊಂದು ಮೂಲೆಯಲ್ಲಿ. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ಎಸ್‌ಎಸ್‌ಡಿ ಬರೀ ಚಿಪ್ಪುಗಳಿಂದ ಆದದ್ದು, ಅದರಲ್ಲಿ ಸುತ್ತುವುದೂ ಇಲ್ಲ, ಕಾಯುವುದೂ ಇಲ್ಲ.

ನನ್ನ ಅಂಗಡಿಯ ಬಿಲ್ಲಿಂಗ್ ಲ್ಯಾಪ್‌ಟಾಪ್ ಕೂಡ ಎನ್3060. ಹಾರ್ಡ್ ಡಿಸ್ಕ್ ಇದ್ದಾಗ ಆನ್ ಮಾಡಿ ಬಿಲ್ ಹಾಕುವ ಸ್ಥಿತಿಗೆ ಬರಲು 5 ನಿಮಿಷ 10 ಸೆಕೆಂಡು. ಮೊಬೈಲ್‌ನಲ್ಲಿ ಅಳೆದಿದ್ದೆ. 256 ಜಿಬಿ ಎಸ್‌ಎಸ್‌ಡಿ ಹಾಕಿದ ಮೇಲೆ 48 ಸೆಕೆಂಡು. ಪ್ರೊಸೆಸರ್ ಅದೇ, ರ್‍ಯಾಮ್ ಅದೇ. ನೀವು ಕೇಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಉದ್ದನೆ ಚ್ಯೂಯಿಂಗ್ ಗಮ್ ಥರ ಇರುವ ಎಂ.2 ಅಲ್ಲ, ಅದನ್ನು ತಂದರೆ ಕೂರಿಸಲು ಜಾಗ ಸಿಗದೆ ಇರಬಹುದು. ಹಳೆ ಹಾರ್ಡ್ ಡಿಸ್ಕ್ ಬಿಸಾಡಬೇಡಿ. ಯುಎಸ್‌ಬಿ ಕೇಸಿನಲ್ಲಿ ಹಾಕಿಸಿಕೊಂಡರೆ ಬ್ಯಾಕಪ್‌ಗೆ ಆಯಿತು. ಗಿರಾಕಿಗಳ ಆಧಾರ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್‌ಗಳು ಅದರಲ್ಲಿ ತುಂಬಿರುತ್ತವೆ, ಮೊದಲು ಬೇಡದ್ದೆಲ್ಲ ಅಳಿಸಿ.

ರ್‍ಯಾಮ್ 8 ಜಿಬಿ ಮಾಡಿಸಬಹುದು. ಈ ಚಿಪ್ಪಿಗೆ ಅದೇ ಗರಿಷ್ಠ. ಬೇಕಾದದ್ದು ಡಿಡಿಆರ್3ಎಲ್, 1.35 ವೋಲ್ಟಿನದು. ಸ್ಟಿಕ್ಕರ್ ಮೇಲೆ ಪಿಸಿ3ಎಲ್ ಅಂತ ಇರಬೇಕು. ಆ ‘ಎಲ್’ ನೋಡದೆ ನಾನೇ ಒಮ್ಮೆ 1.5 ವೋಲ್ಟಿನ ಹಳೆ ರ್‍ಯಾಮ್ ಚುಚ್ಚಿ, ಪರದೆ ಕಪ್ಪಗೇ ಉಳಿದು, ಮದರ್‌ಬೋರ್ಡ್ ಹೋಯಿತು ಅಂತ ಗಿರಾಕಿಗೆ ಫೋನ್ ಕೂಡ ಮಾಡಿಬಿಟ್ಟಿದ್ದೆ. ಅರ್ಧ ಗಂಟೆ ಬಿಟ್ಟು ತಪ್ಪು ನನ್ನದು ಅಂತ ಗೊತ್ತಾಯಿತು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಎಸ್‌ಎಸ್‌ಡಿ ಮೊದಲು, ರ್‍ಯಾಮ್ ಆಮೇಲೆ. ಎರಡಕ್ಕಿಂತ ಹೆಚ್ಚು ಏನೂ ಈ ಯಂತ್ರಕ್ಕೆ ಹಾಕಬೇಡಿ. ಪ್ರೊಸೆಸರ್ ಬದಲಿಸಲು ಆಗುವುದಿಲ್ಲ, ಅದು ಬೋರ್ಡಿಗೆ ಬೆಸುಗೆ ಹಾಕಿದ್ದು.

ಇನ್ನು ವಿಂಡೋಸ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಕೊಡುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿದೆ. ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ ಅದಕ್ಕೆ ಹೆಸರು ನೋಂದಾಯಿಸಬೇಕು. ಎನ್3060 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ, ಹಾಕಿಸಬೇಡಿ. 4 ಜಿಬಿಯಲ್ಲಿ ಅದು ಎದ್ದು ನಿಲ್ಲುವಷ್ಟರಲ್ಲಿ ನಿಮ್ಮ ಊದುಬತ್ತಿ ಎರಡು ಸಲ ಉರಿದು ಮುಗಿಯುತ್ತದೆ.

ಮುಂದಿನ ದಾರಿ ಲಿನಕ್ಸ್, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಇನ್ನೊಂದು ವ್ಯವಸ್ಥೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿ ಇದ್ದರೆ ಹೆದರಬೇಡಿ, ಅದೇ ಕೀಲಿಮಣೆ ವಿನ್ಯಾಸ ಅಲ್ಲೂ ಕೆಜಿಪಿ ಅನ್ನೋ ಹೆಸರಲ್ಲಿ ಸಿಗುತ್ತದೆ. ಯೂನಿಕೋಡ್‌ಗೆ ಮುಂಚಿನ ಹಳೆ ನುಡಿ ಫೈಲುಗಳನ್ನು ಮಾತ್ರ ಪರಿವರ್ತನೆ ಮಾಡಬೇಕಾಗುತ್ತದೆ. ಆದರೆ ನಿಮ್ಮಂಥ ಅಂಗಡಿಗೆ ನಿಜವಾದ ತೊಡಕು ಬೇರೆ. ಗಿರಾಕಿಗಳ ಬೆರಳ ಗುರುತು ತೆಗೆದುಕೊಳ್ಳುವ ಯಂತ್ರ ಇದೆಯಾ? ಅದರ ಸಾಫ್ಟ್‌ವೇರ್ ಸಾಮಾನ್ಯವಾಗಿ ವಿಂಡೋಸ್ ಅಥವಾ ಆಂಡ್ರಾಯ್ಡ್‌ಗೆ ಮಾತ್ರ ಬರುತ್ತದೆ. ಕೆಲವು ಹಳೆ ಲೇಸರ್ ಪ್ರಿಂಟರ್‌ಗಳೂ ಲಿನಕ್ಸ್ ಕಂಡರೆ ಮುಖ ತಿರುಗಿಸುತ್ತವೆ. ಹಾಗಾಗಿ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಒಂದು ಪಹಣಿ ಪ್ರಿಂಟ್ ತೆಗೆದು ನೋಡಿ. ಬಂದರೆ ಹಾಕಿಸಿ. ಬರಲಿಲ್ಲ ಅಂದರೆ 2026ರ ಅಕ್ಟೋಬರ್ ಒಳಗೆ ಬೇರೆ ಯಂತ್ರ ನೋಡಿ. ಗಿರಾಕಿಗಳ ದಾಖಲೆ ಮುಟ್ಟುವ ಕೆಲಸ ನಿಮ್ಮದು.

ಇನ್ನೊಂದು ಚಿಲ್ಲರೆ ವಿಷಯ. ಅರ್ಜಿಗೆ 50 ಕೆಬಿ ಫೋಟೊ ಕೇಳುತ್ತಾರೆ, ಗಿರಾಕಿ ವಾಟ್ಸಾಪ್‌ನಲ್ಲಿ 6 ಎಂಬಿಯದ್ದನ್ನು ಡಾಕ್ಯುಮೆಂಟ್ ಮಾಡಿ ಕಳಿಸುತ್ತಾರೆ, ಅಲ್ವಾ? ಅದನ್ನು ಫೋನ್‌ನಲ್ಲೇ ಕತ್ತರಿಸಿ ಚಿಕ್ಕದು ಮಾಡಿ ಆಮೇಲೆ ಲ್ಯಾಪ್‌ಟಾಪ್‌ಗೆ ಹಾಕಿ. ಸ್ಕ್ಯಾನರ್ 600 ಡಿಪಿಐನಲ್ಲಿದ್ದರೆ, ಅಂದರೆ ಇಂಚಿಗೆ 600 ಚುಕ್ಕಿ, 200ಕ್ಕೆ ಇಳಿಸಿ. ಮಾರ್ಕ್ಸ್ ಕಾರ್ಡ್ ಓದಲು ಅಷ್ಟು ಸಾಕು, ಫೈಲು ಒಂಬತ್ತು ಪಟ್ಟು ಕಡಿಮೆ ಚುಕ್ಕಿಯದು. ಎರಡು ಕೋರ್‌ನ ಚಿಪ್ಪಿಗೆ ಇದು ದೊಡ್ಡ ಉಪಕಾರ.

ಪ್ರಶ್ನೆ: ಅಪ್ಪನಿಗೆ 78 ವರ್ಷ. ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುವುದೊಂದೇ ಅವರಿಗೆ ಲ್ಯಾಪ್‌ಟಾಪ್‌ನಿಂದ ಆಗುವ ಕೆಲಸ. ಎನ್3060, ಎಸ್‌ಎಸ್‌ಡಿ ಹಾಕಿಸಿದ್ದೇನೆ. ಆದರೂ ಪೂರ್ತಿ ಪರದೆಗೆ ಹಾಕಿದರೆ ವೇಷಧಾರಿ ಗಿರಕಿ ಹೊಡೆಯುವಾಗ ಚಿತ್ರ ತಡವರಿಸುತ್ತದೆ. ಚೆಂಡೆ ಸದ್ದು ಮುಂದೆ, ಕುಣಿತ ಹಿಂದೆ.
– ಹೊನ್ನಾವರದ ಓದುಗರು

ಉತ್ತರ: ಇಲ್ಲಿ ಮಾತ್ರ ಅಪರಾಧಿ ಪ್ರೊಸೆಸರೇ. ಯೂಟ್ಯೂಬ್ ಈಗ ವಿಡಿಯೊವನ್ನು ಹೆಚ್ಚಾಗಿ ವಿಪಿ9 ಅಥವಾ ಎವಿ1 ಅನ್ನೋ ರೂಪದಲ್ಲಿ ಕಳಿಸುತ್ತದೆ. ಅವನ್ನು ಬಿಡಿಸುವ ಪ್ರತ್ಯೇಕ ಸರ್ಕ್ಯೂಟ್ ಈ ಚಿಪ್ಪಿನಲ್ಲಿ ಪೂರ್ತಿಯಾಗಿ ಇಲ್ಲ. ಎರಡು ಕೋರ್‌ಗಳೇ ಕೂತು ಬಿಡಿಸಬೇಕು, ಏದುಸಿರು ಬರುತ್ತದೆ. ಹಳೆಯ ಎಚ್.264 ರೂಪಕ್ಕಾದರೆ ಸರ್ಕ್ಯೂಟ್ ಇದೆ. ಬ್ರೌಸರ್‌ಗೆ ಎಚ್264ಇಫೈ ಅನ್ನೋ ಪುಟ್ಟ ಎಕ್ಸ್‌ಟೆನ್ಷನ್ ಸಿಗುತ್ತದೆ. ಹಾಕಿದರೆ ಯೂಟ್ಯೂಬ್ ಆ ಹಳೆ ರೂಪವನ್ನೇ ಕೊಡುತ್ತದೆ. ಗುಣಮಟ್ಟ 720ಕ್ಕೆ ಇಡಿ. ಪಕ್ಕದಲ್ಲಿ ಬೇರೆ ಟ್ಯಾಬ್ ಬೇಡ. ನನ್ನ ಮಾವನವರಿಗೆ ಹೀಗೆ ಮಾಡಿಕೊಟ್ಟಿದ್ದೇನೆ, ರಾತ್ರಿಯಿಡೀ ಆಟ ನೋಡುತ್ತಾರೆ. ಅತ್ತೆಯವರ ಬೈಗುಳ ನನಗೆ ಬರುತ್ತದೆ.

ಪ್ರಶ್ನೆ: ಮಗಳು ಬಿ.ಕಾಂ ಸೇರಿದ್ದಾಳೆ. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಸೆಲೆರಾನ್ ಎನ್4020, 4 ಜಿಬಿ, 64 ಜಿಬಿ ಇಎಂಎಂಸಿ ಇರುವ ಲ್ಯಾಪ್‌ಟಾಪ್ ತೋರಿಸಿದರು. ವಿಂಡೋಸ್ 11 ನಡೆಯುತ್ತೆ ಅಂತಾರೆ. ತೆಗೆದುಕೊಳ್ಳಲಾ?
– ತಿಪಟೂರಿನ ಓದುಗರು

ಉತ್ತರ: ಬೇಡ. ಎನ್4020 ವಿಂಡೋಸ್ 11ರ ಪಟ್ಟಿಯಲ್ಲಿ ಇದೆ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ವಿಂಡೋಸ್ 11 ಕೇಳುವ ಕನಿಷ್ಠವೇ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. 35 ಮಾರ್ಕ್ಸ್ ತೆಗೆದು ಪಾಸಾದ ಹಾಗೆ. ಇಎಂಎಂಸಿ ಅಂದರೆ ಫೈಲು ಇಡುವ ಚಿಪ್ಪು, ಬೋರ್ಡಿಗೇ ಅಂಟಿರುತ್ತದೆ, ಹೊಸದುರ್ಗದ ಅಕ್ಕನ ಹಾಗೆ ಬಿಚ್ಚಿ ಎಸ್‌ಎಸ್‌ಡಿ ಹಾಕುವ ಅವಕಾಶ ಎಷ್ಟೋ ಮಾಡೆಲ್‌ಗಳಲ್ಲಿ ಇರುವುದಿಲ್ಲ. ರ್‍ಯಾಮ್ ಕೂಡ ಎಷ್ಟೋ ಮಾಡೆಲ್‌ಗಳಲ್ಲಿ ಅಂಟಿದ್ದೇ. ಒಂದು ದೊಡ್ಡ ಅಪ್‌ಡೇಟ್ ಬಂದರೆ ಜಾಗ ಇಲ್ಲ ಅಂತ ಕೂಗುತ್ತದೆ.

ಅದೇ ಅಂಗಡಿಯಲ್ಲಿ ಕಂಪನಿಗಳಿಂದ ಬಂದ ಹಳೆ ಆಫೀಸ್ ಲ್ಯಾಪ್‌ಟಾಪ್ ಕೇಳಿ. ಐ5, 8ನೇ ತಲೆಮಾರು ಅಥವಾ ನಂತರದ್ದು. ಐ5-8250ಯು 2017ರದ್ದೇ, ಎನ್4020ಗಿಂತ ಎರಡು ವರ್ಷ ಹಿರಿಯ. ಆದರೂ ನಾಲ್ಕು ಕೋರ್, ವಿಂಡೋಸ್ 11ಕ್ಕೆ ಅರ್ಹ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರಲಿ. ಹೊಸದೇ ಬೇಕು, ಬೆಲೆಯೂ ಕಡಿಮೆ ಇರಬೇಕು ಅಂದರೆ 2023ರಲ್ಲಿ ಬಂದ ಇಂಟೆಲ್ ಎನ್100 ನೋಡಿ. ಅದೂ 6 ವ್ಯಾಟಿನದೇ, ಆದರೆ ನಾಲ್ಕು ಕೋರ್.

ಹಳೆ ಲ್ಯಾಪ್‌ಟಾಪ್ ತೆಗೆದುಕೊಳ್ಳುವುದಾದರೆ ಮಗಳನ್ನೂ ಕರೆದುಕೊಂಡು ಹೋಗಿ. ಚಾರ್ಜರ್ ಕಿತ್ತು ಅರ್ಧ ಗಂಟೆ ಅಂಗಡಿಯಲ್ಲೇ ಕೂತು ಬಳಸಲಿ. ಕೀಬೋರ್ಡಿನ ಎಲ್ಲ ಕೀ ಒತ್ತಿ ನೋಡಲಿ. ಕಳೆದ ತಿಂಗಳು ಒಬ್ಬರು ತಂದ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ ಇತ್ತು, 7 ಮಾತ್ರ ಬೀಳುತ್ತಿರಲಿಲ್ಲ. ಅವರ ಮೊಬೈಲ್ ನಂಬರಿನಲ್ಲಿ ಮೂರು 7.