ಬೇರಿಂಗ್ ಭಯಕ್ಕೆ ಎಂಜಿನ್ ಬಿಚ್ಚಬೇಕೇ?

ಪ್ರಶ್ನೆ: ಮಾನ್ಯರೇ, ಹೈದರಾಬಾದಿನಲ್ಲಿದ್ದ 2007ರ ಪೋರ್ಷೆ ಬಾಕ್ಸ್‌ಸ್ಟರ್ ಕಾರನ್ನು ಕಳೆದ ವರ್ಷ ಕೊಂಡಿದ್ದೇನೆ. ಎಂಜಿನ್ 2.7 ಲೀಟರಿನದು, ಮ್ಯಾನುಯಲ್ ಗೇರ್, ಐವತ್ತು ಸಾವಿರ ಕಿಲೋಮೀಟರಿನ ಆಸುಪಾಸು ಓಡಿದೆ. ಈ ಎಂಜಿನ್ನಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಯಾವ ಸೂಚನೆಯನ್ನೂ ಕೊಡದೆ ಒಡೆದು ಇಡೀ ಎಂಜಿನ್ ಹಾಳಾಗುತ್ತದೆ ಎಂದು ತಿಳಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಕಾರನ್ನು ಹೆಚ್ಚಾಗಿ ಮನೆಯಲ್ಲೇ ನಿಲ್ಲಿಸಿ, ವಾರಕ್ಕೊಮ್ಮೆ ಸೂಪರ್ ಮಾರ್ಕೆಟ್ಟಿನಿಂದ ಜಗತ್ ವೃತ್ತದವರೆಗೆ ನಿಧಾನವಾಗಿ ಓಡಿಸಿ ತಂದು ನಿಲ್ಲಿಸುತ್ತೇನೆ. ಗ್ಯಾರೇಜಿನವರೊಬ್ಬರು ಎಂಜಿನ್ ಇಳಿಸಿ ಬೇರಿಂಗ್ ಬದಲಿಸೋಣ ಎನ್ನುತ್ತಿದ್ದಾರೆ. ಬದಲಿಸಲೇ, ಅಥವಾ ಕಾರನ್ನೇ ಮಾರಿಬಿಡಲೇ?
– ಓದುಗರು, ಕಲಬುರಗಿ

ಉತ್ತರ: ಎರಡೂ ಬೇಡ. ನಿಮ್ಮ ಭಯಕ್ಕೆ ಕಾರಣವಿದೆ, ಆದರೆ ನೀವು ಕೇಳಿರುವ ಕಥೆಗಳಲ್ಲಿ ಬಹುಪಾಲು ನಿಮ್ಮ ಕಾರಿಗಿಂತ ಹಳೆಯ ಕಾರುಗಳಿಗೆ ಸಂಬಂಧಿಸಿದವು.

ಈ ಎಂಜಿನ್ನಿನಲ್ಲಿ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಕೆಳಗೆ ಇನ್ನೊಂದು ಶಾಫ್ಟ್ ಇದೆ, ಅದೇ ಇಂಟರ್‌ಮೀಡಿಯೆಟ್ ಶಾಫ್ಟ್. ಕ್ರ್ಯಾಂಕ್‌ಶಾಫ್ಟಿನಿಂದ ಚೈನಿನ ಮೂಲಕ ತಿರುಗುವ ಈ ಶಾಫ್ಟ್, ಬೇರೆ ಚೈನುಗಳ ಮೂಲಕ, ವಾಲ್ವುಗಳನ್ನು ತೆರೆದು ಮುಚ್ಚುವ ಎರಡೂ ಬದಿಯ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುತ್ತದೆ. ಅದರ ಒಂದು ತುದಿಗೆ ಎಂಜಿನ್ನಿನ ಆಯಿಲ್ ಒತ್ತಡದಿಂದ ಬಂದು ಸೇರುತ್ತದೆ. ಫ್ಲೈವೀಲ್ (ಗೇರ್‌ಬಾಕ್ಸ್ ಬದಿಯ ಭಾರದ ಚಕ್ರ) ಕಡೆಯ ತುದಿಯಲ್ಲಿ ಮಾತ್ರ ಗ್ರೀಸ್ ತುಂಬಿ ಎರಡೂ ಬದಿಗೆ ಸೀಲ್ ಹಾಕಿದ ಗುಂಡಿನ ಬೇರಿಂಗ್ ಕೂರಿಸಿದ್ದಾರೆ. ತೊಂದರೆಯ ಮೂಲ ಈ ಸೀಲಿನಲ್ಲಿದೆ. ವರ್ಷಗಳು ಕಳೆದಂತೆ ಬಿಸಿಗೆ ಸೀಲ್ ಗಡುಸಾಗಿ, ಆಯಿಲ್ ಒಳಗೆ ಜಿನುಗಿ, ಗ್ರೀಸನ್ನು ತೊಳೆದುಹಾಕುತ್ತದೆ. ಹಾಗೆ ಒಳಸೇರಿದ ಆಯಿಲ್ ಮತ್ತೆ ಹೊರಬಂದು ಹರಿದಾಡುವುದಿಲ್ಲ. ತೇವವನ್ನೂ ಆಮ್ಲವನ್ನೂ ಹೊತ್ತು ಅಲ್ಲೇ ನಿಂತು, ಗುಂಡುಗಳ ಮೈಮೇಲೆ ಸಣ್ಣ ಕುಳಿಗಳನ್ನು ಎಬ್ಬಿಸುತ್ತದೆ. ಬೇರಿಂಗ್ ಸಡಿಲವಾದರೆ ಶಾಫ್ಟ್ ಅಲುಗುತ್ತದೆ, ಚೈನಿನ ಹೊಂದಾಣಿಕೆ ತಪ್ಪುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅಲ್ಲಿಗೆ ಎಂಜಿನ್ ಮುಗಿದಂತೆಯೇ.

ಈಗ ನಿಮ್ಮ ಕಾರಿನ ವಿಷಯಕ್ಕೆ ಬರೋಣ. 1997ರಿಂದ 2008ರವರೆಗಿನ ಈ ಎಂಜಿನ್ನುಗಳಲ್ಲಿ ಮೂರು ಬಗೆಯ ಬೇರಿಂಗ್ ಬಳಕೆಯಾಗಿವೆ. ಆರಂಭದ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು, ಅದು ಕೆಡುವುದು ಅಪರೂಪ. 2000ದ ಸುಮಾರಿಗೆ ಶುರುವಾಗಿ 2005ರವರೆಗೆ ಬಂದದ್ದು ಒಂದೇ ಸಾಲಿನ, 47 ಮಿಲಿಮೀಟರ್ ಹೊರವ್ಯಾಸದ ಚಿಕ್ಕ ಬೇರಿಂಗ್. ಕೆಟ್ಟ ಹೆಸರು ಬಂದದ್ದು ಇದರಿಂದಲೇ. ಅಮೆರಿಕದಲ್ಲಿ ಮಾಲೀಕರು ಹೂಡಿದ ದಾವೆಯಲ್ಲಿ, ಈ ಚಿಕ್ಕ ಬೇರಿಂಗಿನ ಕಾರುಗಳ ಪೈಕಿ ನೂರಕ್ಕೆ ಸುಮಾರು ಎಂಟರಲ್ಲಿ ತೊಂದರೆ ಕಂಡಿತ್ತೆಂಬ ಲೆಕ್ಕ ಹೊರಬಂತು. ಆ ದಾವೆ ಇತ್ಯರ್ಥವಾದಾಗ ಪರಿಹಾರದ ವ್ಯಾಪ್ತಿಗೆ ಬಂದದ್ದೂ 2001ರಿಂದ 2005ರವರೆಗಿನ ಮಾದರಿಗಳೇ. 2006ರಿಂದ ಕಂಪನಿ 62 ಮಿಲಿಮೀಟರಿನ ದೊಡ್ಡ ಬೇರಿಂಗ್ ಹಾಕಿತು. ನಿಮ್ಮ 2007ರ ಕಾರಿನಲ್ಲಿರಬೇಕಾದದ್ದು ಇದು, ಮತ್ತು ಇದು ಒಡೆಯುವುದು ತೀರಾ ವಿರಳ.

ಗ್ಯಾರೇಜಿನವರ ಸಲಹೆಯನ್ನು ನಾವು ಒಪ್ಪದಿರುವುದಕ್ಕೆ ಇನ್ನೂ ಬಲವಾದ ಕಾರಣವಿದೆ. ಹಳೆಯ ಚಿಕ್ಕ ಬೇರಿಂಗನ್ನು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಕಳಚಿ ಹೊರಗಿನಿಂದಲೇ ಎಳೆದು ತೆಗೆಯಬಹುದು. ದೊಡ್ಡ ಬೇರಿಂಗ್ ಹಾಗೆ ಬರುವುದಿಲ್ಲ, ಏಕೆಂದರೆ ಅದರ ಸುತ್ತಳತೆ ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸಿನಲ್ಲಿರುವ ಕಿಂಡಿಗಿಂತ ಹೆಚ್ಚು. ಅದನ್ನು ತೆಗೆಯಬೇಕೆಂದರೆ ಕ್ರ್ಯಾಂಕ್‌ಕೇಸನ್ನೇ ಎರಡು ಹೋಳಾಗಿ ಬಿಡಿಸಬೇಕು. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು, ಅಪರೂಪಕ್ಕೊಮ್ಮೆ ಕೆಡುವ ಒಂದು ಭಾಗಕ್ಕಾಗಿ ತಳದವರೆಗೆ ಬಿಚ್ಚಿ, ಧೂಳು ತಪ್ಪಿಸಲಾಗದ ಕಡೆ ಮತ್ತೆ ಜೋಡಿಸುವುದರಲ್ಲಿರುವ ಅಪಾಯ ಆ ಬೇರಿಂಗಿನ ಅಪಾಯಕ್ಕಿಂತ ದೊಡ್ಡದು.

ಮುಂದೆ ಕ್ಲಚ್ ಸವೆದು ಗೇರ್‌ಬಾಕ್ಸ್ ಇಳಿಸುವ ದಿನ ಬಂದೇ ಬರುತ್ತದೆ. ಆಗ ಫ್ಲೈವೀಲಿನ ಹಿಂದೆ, ಶಾಫ್ಟಿನ ಮುಚ್ಚಳದ ನಡುವೆ ಕಾಣುವ ನಟ್ಟನ್ನು ನೀವೇ ನಿಂತು ನೋಡಿ. ಅದಕ್ಕೆ 22ರ ಸ್ಪ್ಯಾನರ್ ಕೂತರೆ ಬೇರಿಂಗ್ ದೊಡ್ಡದೆಂದು ಖಾತ್ರಿ. ಇದೇ ಸಮಯದಲ್ಲಿ ನುರಿತ ಮೆಕ್ಯಾನಿಕರು ಮುಚ್ಚಳ ತೆಗೆದು, ಬೇರಿಂಗಿನ ಹೊರಬದಿಯ ಸೀಲನ್ನು ಚೂಪಾದ ಮೊನೆಯಿಂದ ಎಬ್ಬಿಸಿ ಕಿತ್ತುಬಿಡುತ್ತಾರೆ. ಸೀಲ್ ಹೋದ ಮೇಲೆ ಎಂಜಿನ್ನಿನ ಹೊಸ ಆಯಿಲ್ ಗುಂಡುಗಳನ್ನು ಮುಟ್ಟುತ್ತದೆ, ಹಳೆಯದು ಒಳಗೆ ಕೊಳೆಯುವುದಿಲ್ಲ. ಕ್ಯಾಮ್‌ಶಾಫ್ಟುಗಳನ್ನು ಲಾಕ್ ಮಾಡದೆ ಆ ಮುಚ್ಚಳಕ್ಕೆ ಕೈ ಹಾಕುವವರ ಹತ್ತಿರ ಮಾತ್ರ ಈ ಕೆಲಸ ಮಾಡಿಸಬೇಡಿ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಆಯಿಲ್. ಏಳೆಂಟು ಲೀಟರ್ ಹಿಡಿಯುವ ಈ ಎಂಜಿನ್ನಿಗೆ, ಕಂಪನಿಯ ಎ40 ಮಾನ್ಯತೆಯುಳ್ಳ 0ಡಬ್ಲ್ಯು-40 ಅಥವಾ 5ಡಬ್ಲ್ಯು-40 ಆಯಿಲನ್ನು ಎಂಟು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಬದಲಿಸಿ. ಹಳೆಯ ಫಿಲ್ಟರನ್ನು ಎಸೆಯಲು ಬಿಡಬೇಡಿ. ಅದರ ಕಾಗದದ ಮಡಿಕೆಗಳನ್ನು ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಕಪ್ಪು ಅಥವಾ ಕಂದು ಪ್ಲಾಸ್ಟಿಕ್ ಚೂರುಗಳು ಕಂಡರೆ ಅವು ಚೈನ್ ಸವರುವ ಪಟ್ಟಿಗಳದ್ದು, ಒಂದೆರಡಕ್ಕೆ ಹೆದರಬೇಕಿಲ್ಲ. ಮಿನುಗುವ ಕಣಗಳಿದ್ದರೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಆ ಕ್ಷಣದಿಂದ ಕಾರನ್ನು ಸ್ಟಾರ್ಟ್ ಮಾಡದೆ ಟೋ ಮಾಡಿಸಿಕೊಂಡು ಹೋಗಿ. ಸೂಚನೆಯೇ ಸಿಗುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಎಷ್ಟೋ ಸಲ ಫಿಲ್ಟರ್ ಮೊದಲೇ ಹೇಳಿರುತ್ತದೆ, ಬಿಡಿಸಿ ನೋಡಿದವರಿರುವುದಿಲ್ಲ.

ನಮಗೆ ಹೆಚ್ಚು ಕಳವಳ ತಂದದ್ದು ನೀವು ಕಾರನ್ನು ಓಡಿಸುತ್ತಿರುವ ರೀತಿ. ಜಗತ್ ವೃತ್ತದವರೆಗಿನ ಸವಾರಿಯಲ್ಲಿ ನೀರು ಬಿಸಿಯಾದರೂ ಆಯಿಲ್ ಬಿಸಿಯಾಗುವುದಿಲ್ಲ, ಅದರಲ್ಲಿ ಸೇರಿದ ತೇವ ಆವಿಯಾಗುವುದಿಲ್ಲ. ಹೆಚ್ಚು ಕಾಲ ನಿಂತ, ಕಡಿಮೆ ವೇಗದಲ್ಲಿ ಸ್ವಲ್ಪ ದೂರವಷ್ಟೇ ಓಡಿದ ಕಾರುಗಳಲ್ಲೇ ಈ ಬೇರಿಂಗ್ ಹೆಚ್ಚು ಕೆಡುತ್ತದೆ ಎನ್ನುವುದು ಇವುಗಳನ್ನು ದುರಸ್ತಿ ಮಾಡುವವರ ಅನುಭವ. ವಾರಕ್ಕೊಮ್ಮೆ ಬೆಳಗಿನ ಹೊತ್ತು ಹುಮನಾಬಾದಿನವರೆಗೆ ಹೋಗಿ ಬನ್ನಿ. ಎಂಜಿನ್ ಪೂರ್ತಿ ಬಿಸಿಯಾದ ನಂತರ ಮೂರು ಸಾವಿರ ಆರ್‌ಪಿಎಂಗಿಂತ ಮೇಲೆ ಓಡಿಸಲು ಹಿಂಜರಿಯಬೇಡಿ.

ಬೇಸಿಗೆಗೆ ಮೊದಲು ಮುಂದಿನ ಬಂಪರ್ ಕಳಚಿಸಿ ಎರಡೂ ಬದಿಯ ರೇಡಿಯೇಟರುಗಳನ್ನು ತೊಳೆಸುವುದನ್ನು ಮರೆಯಬೇಡಿ. ಸೇಡಂ ರಸ್ತೆಯ ಸಿಮೆಂಟ್ ಧೂಳು, ರಾಶಿಯ ಕಾಲದ ತೊಗರಿ ಹೊಟ್ಟು ಎಲ್ಲವೂ ಅಲ್ಲಿ ಹೋಗಿ ಕೂರುತ್ತವೆ. 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ನಿಮ್ಮ ಎಂಜಿನ್ನಿಗೆ ಬೇರಿಂಗಿಗಿಂತ ಹತ್ತಿರದ ಶತ್ರು ಈ ಕಸವೇ.

ಪ್ರಶ್ನೆ: 2004ರ ಪೋರ್ಷೆ 911 ಕರೆರಾ ಮಾರಾಟಕ್ಕಿದೆ. ಇದೇ ಬೇರಿಂಗನ್ನು ಬದಲಿಸಿಯಾಗಿದೆ ಎಂದು ಮಾರುವವರು ಬಾಯಿಮಾತಿನಲ್ಲಿ ಹೇಳುತ್ತಾರೆ. ನಂಬಿ ಕೊಳ್ಳಬಹುದೇ?
– ಓದುಗರು, ಬೀದರ್

ಉತ್ತರ: ಬಾಯಿಮಾತು ಸಾಲದು. ನೀವು ನೋಡುತ್ತಿರುವುದು ಚಿಕ್ಕ ಬೇರಿಂಗಿನ ಕಾಲದ ಕಾರು. ಅದೇ ಕಾಲದ 911 ಟರ್ಬೊ ಮತ್ತು ಜಿಟಿ3 ಕಾರುಗಳ ಎಂಜಿನ್ನೇ ಬೇರೆ, ಅವುಗಳಿಗೆ ಈ ದೋಷವಿಲ್ಲ, ಕರೆರಾಗೆ ಇದೆ. ಯಾವ ಕಂಪನಿಯ ಬೇರಿಂಗ್, ಯಾವ ದಿನ, ಎಷ್ಟು ಕಿಲೋಮೀಟರಿಗೆ ಹಾಕಿದ್ದು ಎಂಬುದು ಬಿಲ್ಲಿನಲ್ಲಿರಬೇಕು, ಏಕೆಂದರೆ ಹೊಸದಾಗಿ ಹಾಕುವ ಸೆರಾಮಿಕ್ ಗುಂಡಿನ ಬೇರಿಂಗುಗಳಿಗೂ ತಯಾರಕರು ಬಾಳಿಕೆಯ ಮಿತಿ ಹೇಳಿರುತ್ತಾರೆ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು, ಬೇರಿಂಗ್, ಕ್ಲಚ್ ಮತ್ತು ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಮೂರನ್ನೂ ಒಟ್ಟಿಗೆ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಮುಂಗಡ ಕೊಡುವ ಮೊದಲು, ಮಾರುವವರ ಒಪ್ಪಿಗೆ ಪಡೆದು ಆಯಿಲ್ ಫಿಲ್ಟರ್ ಬಿಚ್ಚಿಸಿ, ಮೇಲೆ ಹೇಳಿದಂತೆ ಆಯಸ್ಕಾಂತ ಹಿಡಿದು ನೋಡಿ. ಅದಕ್ಕೆ ಅವರು ಒಪ್ಪದಿದ್ದರೆ ಆ ಕಾರನ್ನು ಬಿಟ್ಟುಬಿಡಿ.